ಪ್ರಶ್ನಾವಳಿ ಹಂಚುವ ಮೊದಲು ಹತ್ತು ಕಣಕ್ಕೆ ಹೋಗಿ ಬನ್ನಿ

ಓದುಗರ ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದಲ್ಲಿದ್ದೇನೆ. ಎಂಬಿಎ ಮುಗಿಸಿ ಹನ್ನೊಂದು ವರ್ಷವಾಯಿತು. ಈ ವರ್ಷ ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಪಾರ್ಟ್ ಟೈಮ್ ಪಿಎಚ್‌.ಡಿ.ಗೆ ಸೇರಿದ್ದೇನೆ. ವಿಷಯ ‘ಕೊಡಗಿನ ಸಣ್ಣ ಕಾಫಿ ಬೆಳೆಗಾರರ ಮಾರುಕಟ್ಟೆ ಸಮಸ್ಯೆಗಳು: ಒಂದು ಅಧ್ಯಯನ’. 62 ಪ್ರಶ್ನೆಗಳ ಪ್ರಶ್ನಾವಳಿ ರೆಡಿ ಇದೆ. 384 ಜನರ ಸ್ಯಾಂಪಲ್ ಬೇಕು ಅಂತ ಹೇಳಿದ್ದಾರೆ. ಎಸ್‌ಪಿಎಸ್‌ಎಸ್, ಅಮೋಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಕಲಿಯಲು ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಬೇಕೆಂದಿದ್ದೇನೆ. ಪಿಎಚ್‌.ಡಿ. ಮಟ್ಟಕ್ಕೆ ಸಂಶೋಧನೆ ಮಾಡುವ ಕೌಶಲ ಬರಬೇಕಾದರೆ ಇನ್ನೂ ಏನೇನು ಕಲಿಯಬೇಕು? ಯಾವುದು ಮೊದಲು?

ಉತ್ತರ: ಆ ಕೋರ್ಸಿಗೆ ಈಗಲೇ ದುಡ್ಡು ಕಟ್ಟಬೇಡಿ. ಸಾಫ್ಟ್‌ವೇರ್ ಬೇಕೇ ಬೇಕು, ಆದರೆ ನಿಮಗೆ ಅದು ಕೆಲಸಕ್ಕೆ ಬರೋದು ಇನ್ನು ಒಂದೂವರೆ ವರ್ಷ ಆದ ಮೇಲೆ, ಅಷ್ಟರಲ್ಲಿ ಈಗ ಕಲಿತದ್ದೆಲ್ಲ ಮರೆತುಹೋಗಿರುತ್ತೆ. ಆ 62 ಪ್ರಶ್ನೆಯ ಪ್ರಶ್ನಾವಳಿಯನ್ನೂ ಸದ್ಯಕ್ಕೆ ಬೀರುವಿನಲ್ಲಿಡಿ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ವಿಷಯ ಇದೆ, ಸ್ಯಾಂಪಲ್ ಇದೆ, ಫಾರ್ಮ್ ಇದೆ. ನಿಮಗೆ ನಿಜವಾಗಿ ಏನು ಗೊತ್ತಾಗಬೇಕು ಅನ್ನೋದು ಮಾತ್ರ ಎಲ್ಲೂ ಕಾಣಲಿಲ್ಲ.

ಇಪ್ಪತ್ತು ವರ್ಷದಿಂದ ಮ್ಯಾನೇಜ್‌ಮೆಂಟ್ ಸಂಶೋಧನೆ ಮಾಡುವವರ ಜೊತೆ ಕೂತು ಕೆಲಸ ಮಾಡುತ್ತಿದ್ದೇನೆ. ಅರ್ಧಕ್ಕೆ ಬಿಟ್ಟವರನ್ನೂ ನೋಡಿದ್ದೇನೆ. ಲೆಕ್ಕ ಬರಲಿಲ್ಲ ಅಂತ ಬಿಟ್ಟವರು ತುಂಬಾ ಕಡಿಮೆ. ಜಾಸ್ತಿ ಜನ ಸೋತದ್ದು ಪ್ರಶ್ನೆ ಹದಕ್ಕೆ ಬರುವ ಮೊದಲೇ ಡೇಟಾ ಗುಡ್ಡೆ ಹಾಕಿಕೊಂಡು, ಆಮೇಲೆ ಇದರಿಂದ ಏನು ಹೇಳೋದು ಅಂತ ತಿಳಿಯದೆ. ನಾನೂ ಅದೇ ತಪ್ಪು ಮಾಡಿದವನು. ನನ್ನ ಪಿಎಚ್‌.ಡಿ. ಕಾಲದಲ್ಲಿ 410 ಫಾರ್ಮ್ ತುಂಬಿಸಿದೆ, ಅದರಲ್ಲಿ ಅರ್ಧ ದುಡ್ಡು ಕೊಟ್ಟು ಹುಡುಗರ ಕೈಲಿ ಮಾಡಿಸಿದ್ದು. ಎಂಟ್ರಿ ಮಾಡಲು ಕೂತಾಗ ಮೂವತ್ತಕ್ಕೂ ಹೆಚ್ಚು ಫಾರ್ಮ್‌ಗಳಲ್ಲಿ ಒಂದೇ ಪೆನ್ನು, ಒಂದೇ ಥರ ವಾಲಿದ ಟಿಕ್, ಉತ್ತರ ಎಲ್ಲಾ ನಾಲ್ಕು. ಅವನ್ನು ತೆಗೆದುಹಾಕಿದೆ. ಉಳಿದದ್ದರಲ್ಲಿ ಏನು ಹುಡುಕಬೇಕು ಅಂತ ಗೊತ್ತಿಲ್ಲದೆ ಎಂಟು ತಿಂಗಳು ಟೇಬಲ್ ಮೇಲೆ ಟೇಬಲ್ ಹಾಕುತ್ತಾ ಕೂತೆ. ಆ ಎಂಟು ತಿಂಗಳು ನಿಮ್ಮ ಪಾಲಿಗೆ ಬರಬಾರದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

‘ಮಾರುಕಟ್ಟೆ ಸಮಸ್ಯೆಗಳು’ ಅನ್ನೋದು ಒಂದು ವಿಷಯದ ಹೆಸರು, ಅದಿನ್ನೂ ಪ್ರಶ್ನೆ ಆಗಿಲ್ಲ. ಅದರ ಉತ್ತರ ನಿಮ್ಮ ಮನೆಯವರಿಗೇ ಗೊತ್ತು. ಬೆಲೆ ನಿಲ್ಲೋದಿಲ್ಲ, ಕುಯ್ಲಿಗೆ ಜನ ಸಿಗೋದಿಲ್ಲ, ವ್ಯಾಪಾರಿ ಓಟಿ ಕಡಿಮೆ ತೋರಿಸ್ತಾನೆ. (ಬೇರೆ ಊರಿನ ಓದುಗರಿಗೆ ಒಂದು ಮಾತು: ಚೆರ್ರಿ ಅಂದ್ರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು, ಓಟಿ ಅಂದ್ರೆ 50 ಕೆ.ಜಿ. ಒಣ ಚೆರ್ರಿ ಚೀಲದಿಂದ ಎಷ್ಟು ಕೆ.ಜಿ. ಕಾಫಿ ಬೀಜ ಸಿಗುತ್ತೆ ಅನ್ನೋ ಲೆಕ್ಕ. ರೇಟು ಅದರ ಮೇಲೆ ನಿಂತಿರುತ್ತೆ.) 384 ಮನೆಗೆ ಹೋಗಿ ಇದನ್ನೇ ಕೇಳಿ, ಶೇಕಡಾ ಹಾಕಿ ಬರೆದರೆ ಓದಿದವರಿಗೆ ಹೊಸದು ಏನು ಸಿಗುತ್ತೆ? ಸಂಶೋಧನೆಯ ಪ್ರಶ್ನೆ ಅಂದ್ರೆ ಉತ್ತರ ಏನು ಬರುತ್ತೆ ಅಂತ ಕೇಳುವವರಿಗೇ ಖಾತ್ರಿ ಇರಬಾರದು. ಒಂದು ಥರ ಬಂದರೆ ನಿಮ್ಮ ಊಹೆ ಉಳೀಬೇಕು, ಇನ್ನೊಂದು ಥರ ಬಂದರೆ ಬಿದ್ದುಹೋಗಬೇಕು.

ಒಂದು ಉದಾಹರಣೆ ನಮ್ಮ ಕಣದಿಂದಲೇ ತೆಗೆದುಕೊಳ್ಳೋಣ. ಒಂದೇ ಊರು, ಒಂದೇ ರೋಬಸ್ಟಾ, ಹೆಚ್ಚುಕಮ್ಮಿ ಒಂದೇ ಅಳತೆಯ ತೋಟ. ಒಬ್ಬರು ಚೆರ್ರಿ ಒಣಗಿದ ವಾರವೇ ಮಾರುತ್ತಾರೆ. ಪಕ್ಕದ ತೋಟದವರು ಗೋಡೌನಿನಲ್ಲಿಟ್ಟು ಮಳೆ ಹಿಡಿಯುವವರೆಗೂ ಕಾಯುತ್ತಾರೆ. ಯಾಕೆ? ನೋಡಿ, ಇದು ಪ್ರಶ್ನೆ. ‘ಯಾವಾಗ ಮಾರಲಿ’ ಅಂತ ತಲೆ ಕೆಡಿಸಿಕೊಳ್ಳುವ ಕೆಲಸ ನಮ್ಮ ಅಜ್ಜಂದಿರಿಗೆ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆದದ್ದು ಕಾಫಿ ಬೋರ್ಡಿನ ಪೂಲ್‌ಗೆ, ಅಂದ್ರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ, ಹೋಗುತ್ತಿತ್ತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಅದನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಬೆಳೆಗಾರರ ಕೈಗೆ ಬಂತು. ಅಂದ್ರೆ ಈ ತೀರ್ಮಾನಕ್ಕೆ ಕೊಡಗಿನಲ್ಲಿ ಹೆಚ್ಚುಕಮ್ಮಿ ಮೂವತ್ತು ವರ್ಷ ವಯಸ್ಸು. ಪೂಲ್ ಕಾಲವನ್ನೂ ಈಗಿನ ಕಾಲವನ್ನೂ ಎರಡನ್ನೂ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮ್ಯಾನೇಜ್‌ಮೆಂಟ್ ಸಂಶೋಧಕರಿಗೆ ಇಂಥ ಜಾಗ ಸಿಗೋದು ಅಪರೂಪ.

ಈಗ ಕಾರಣಗಳಿಗೆ ಬನ್ನಿ. ಬೇಗ ಮಾರುವವರಿಗೆ ಕೈಯಲ್ಲಿ ದುಡ್ಡಿರಲಿಕ್ಕಿಲ್ಲ: ಕೂಲಿ ಕೊಡಬೇಕು, ಬ್ಯಾಂಕಿನ ಬೆಳೆಸಾಲ ಕಟ್ಟಬೇಕು, ಮಕ್ಕಳ ಫೀಸು ಬರುತ್ತೆ. ಇಲ್ಲಾ ವ್ಯಾಪಾರಿ ಹತ್ತಿರ ಮಳೆಗಾಲದಲ್ಲೇ ಅಡ್ವಾನ್ಸ್ ತಗೊಂಡು ಕಟ್ಟುಬಿದ್ದಿರಬಹುದು. ವ್ಯವಹಾರಕ್ಕೆ ತಗಲುವ ಈ ಥರದ ಕಾಣದ ಖರ್ಚುಗಳ ಬಗ್ಗೆ ರೊನಾಲ್ಡ್ ಕೋಸ್ 1937ರಲ್ಲಿ ಶುರು ಮಾಡಿದ ಚರ್ಚೆ, ಆಮೇಲೆ ಆಲಿವರ್ ವಿಲಿಯಮ್ಸನ್ ಬೆಳೆಸಿದ್ದು, ನಿಮಗೆ ಇಲ್ಲಿ ಬೇಕಾಗುತ್ತೆ. ಅಥವಾ ಕಾಯುವವರ ಮನಸ್ಸಿನಲ್ಲಿ ಹೋದ ವರ್ಷದ ರೇಟು ಕೂತುಬಿಟ್ಟಿರುತ್ತೆ. ಅದಕ್ಕಿಂತ ಕೆಳಗೆ ಮಾರಿದರೆ ನಷ್ಟ ಆದ ಹಾಗೇ ಅನಿಸುತ್ತೆ, ಲೆಕ್ಕದಲ್ಲಿ ಲಾಭವೇ ಇದ್ದರೂ. ಕಾನ್‌ಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ಬರೆದದ್ದು ಇದೇ ಸ್ವಭಾವದ ಬಗ್ಗೆ: ಒಂದು ಗುರುತಿನ ಬೆಲೆಯಿಂದ ಕೆಳಗಿಳಿಯುವ ನೋವು, ಅಷ್ಟೇ ಮೇಲೇರುವ ಖುಷಿಗಿಂತ ದೊಡ್ಡದು.

ಈ ಮೂರೂ ಕೇಳಲು ಸರಿಯಾಗೇ ಇವೆ. ಆದರೆ ಮೂರೂ ಒಂದೇ ಮಾತು ಹೇಳೋದಿಲ್ಲ. ದುಡ್ಡಿನ ತಾಪತ್ರಯವೇ ಕಾರಣ ಆಗಿದ್ದರೆ, ಮನೆಯಲ್ಲಿ ಒಬ್ಬರಿಗೆ ತಿಂಗಳ ಸಂಬಳ ಇದ್ದವರು ಕಾಯಬೇಕು. ಅಡ್ವಾನ್ಸ್ ಕಾರಣ ಆಗಿದ್ದರೆ, ಸಂಬಳ ಇದ್ದರೂ ಅಡ್ವಾನ್ಸ್ ತಗೊಂಡವರು ಬೇಗ ಮಾರಬೇಕು. ಹೋದ ವರ್ಷದ ರೇಟು ಕಾರಣ ಆಗಿದ್ದರೆ, ಬೆಲೆ ಇಳಿದ ವರ್ಷ ಎಲ್ಲರೂ ಕಾಯಬೇಕು, ಏರಿದ ವರ್ಷ ಎಲ್ಲರೂ ಮಾರಲು ಓಡಬೇಕು. ಈಗ ನಿಮ್ಮ ಕೈಯಲ್ಲಿ ಪರೀಕ್ಷೆಗೆ ಒಡ್ಡಬಹುದಾದ ಮೂರು ಮಾತಿವೆ. ಸಿದ್ಧಾಂತ ಅಂದ್ರೆ ಥೀಸಿಸ್‌ನ ಎರಡನೇ ಅಧ್ಯಾಯದಲ್ಲಿ ಅಲಂಕಾರಕ್ಕೆ ಹಾಕುವ ಚಿತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎಲ್ಲಿ ನೋಡಬೇಕು, ಯಾರನ್ನು ಯಾರ ಜೊತೆ ಹೋಲಿಸಬೇಕು ಅಂತ ಅದು ಹೇಳಿಕೊಡಬೇಕು. ಅಷ್ಟು ಮಾಡದಿದ್ದರೆ ಅದನ್ನು ಹಾಕಲೇಬೇಡಿ.

ಇದಕ್ಕೆ ಓದು ಬೇಕು, ಓದುವ ರೀತಿಯೂ ಬದಲಾಗಬೇಕು. ಎಂಬಿಎಯಲ್ಲಿ ಲೇಖಕರು ಏನು ಹೇಳಿದರು ಅಂತ ನೆನಪಿಟ್ಟರೆ ಪಾಸಾಗುತ್ತಿದ್ದೆವು. ಇಲ್ಲಿ ಅದು ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಕು. ವಾರಕ್ಕೆ ಇಪ್ಪತ್ತು ಪೇಪರ್‌ನ ಸಾರಾಂಶ ಓದೋದಕ್ಕಿಂತ ಎರಡು ಪೇಪರ್ ಪೂರ್ತಿ ಓದಿ, ಮೂರು ಸಲ. ಮೊದಲ ಸಲ ಸುಮ್ನೆ ಓದಿಕೊಂಡು ಹೋಗಿ. ಎರಡನೇ ಸಲ ಲೇಖಕರ ಮಾತೆಲ್ಲ ಮುಚ್ಚಿಟ್ಟು ಟೇಬಲ್‌ಗಳನ್ನು ಮಾತ್ರ ನೋಡಿ, ಈ ಅಂಕಿಯಿಂದ ನಾನಾಗಿದ್ದರೆ ಏನು ಹೇಳುತ್ತಿದ್ದೆ ಅಂತ ನಾಲ್ಕು ಸಾಲು ಬರೆಯಿರಿ. ಮೂರನೇ ಸಲ ನಿಮ್ಮ ನಾಲ್ಕು ಸಾಲನ್ನು ಅವರ ಮಾತಿನ ಜೊತೆ ಹೋಲಿಸಿ. ಎಲ್ಲಿ ಅವರು ಅಂಕಿಗಿಂತ ಜಾಸ್ತಿ ಮಾತಾಡಿದ್ದಾರೆ, ಎಲ್ಲಿ ನೀವು ಗಮನಿಸದ್ದನ್ನು ಅವರು ಗಮನಿಸಿದ್ದಾರೆ, ಎರಡೂ ಕಾಣುತ್ತೆ. ಆರು ತಿಂಗಳು ಇಷ್ಟು ಮಾಡಿದರೆ ಯಾವ ಕೋರ್ಸೂ ಕೊಡದ ಒಂದು ಕಣ್ಣು ಬರುತ್ತೆ.

ಜೊತೆಗೆ ಎಕ್ಸೆಲ್‌ನಲ್ಲಿ ಒಂದು ಶೀಟ್ ಇಡಿ. ಯಾರು ಬರೆದದ್ದು, ಯಾವ ವರ್ಷ, ಯಾವ ಊರಿನ ಯಾರನ್ನು ಕೇಳಿದರು, ಏನನ್ನು ಅಳೆದರು, ಹೇಗೆ ಅಳೆದರು, ಏನನ್ನು ಬಿಟ್ಟರು. ನಲವತ್ತು ಸಾಲು ತುಂಬಿದ ಮೇಲೆ ಕೊನೆಯ ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದಿ. ಎಲ್ಲರೂ ಹುಡುಕುವ ಆ ರಿಸರ್ಚ್ ಗ್ಯಾಪ್ ಅಲ್ಲಿರುತ್ತೆ. ‘ಕೊಡಗಿನಲ್ಲಿ ಇದುವರೆಗೆ ಯಾರೂ ಮಾಡಿಲ್ಲ’ ಅಂತ ಬರೆದರೆ ಸಾಲದು. ಕೊಡಗಿನಲ್ಲಿ ಮಾಡಿದರೆ ಬೇರೆ ಉತ್ತರ ಯಾಕೆ ಬರಬಹುದು ಅಂತ ಹೇಳಲು ಬಂದರೆ ಆಗ ಅದು ಗ್ಯಾಪ್.

ಎಲ್ಲಿ ಸಿಗುತ್ತೆ ಅಂತ ಕೇಳಿದರೆ, ಗೂಗಲ್ ಸ್ಕಾಲರ್‌ನಲ್ಲಿ ಒಂದು ಒಳ್ಳೆ ಹಳೆ ಪೇಪರ್ ಹಿಡಿದು, ಅದನ್ನು ಆಮೇಲೆ ಯಾರ್ಯಾರು ಉಲ್ಲೇಖಿಸಿದ್ದಾರೆ ಅನ್ನುವ ಲಿಂಕ್ ಒತ್ತಿ ಮುಂದಕ್ಕೆ ಬನ್ನಿ. ದುಡ್ಡು ಕೇಳುವ ಜರ್ನಲ್‌ಗಳ ಚಿಂತೆ ಈಗ ಮೊದಲಿನಷ್ಟಿಲ್ಲ. ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರ ಜನವರಿಯಿಂದ ಶುರುವಾಗಿದೆ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯ, ಸರ್ಕಾರಿ ಕಾಲೇಜುಗಳಿಗೆ ಅದರಲ್ಲಿ ಸಿಗುತ್ತವೆ. ನಿಮ್ಮದು ಸರ್ಕಾರಿ ಕಾಲೇಜು, ನಾಳೆಯೇ ಲೈಬ್ರೇರಿಯನ್ ಹತ್ತಿರ ಹೋಗಿ ಲಾಗಿನ್ ಕೇಳಿ. ಶೋಧಗಂಗಾದಲ್ಲಿ (ನಮ್ಮ ದೇಶದ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹ) ಕಾಫಿ ಬಗ್ಗೆ ಆಗಲೇ ಬಂದಿರುವ ಥೀಸಿಸ್‌ಗಳನ್ನು ತೆಗೆದಾಗ ಮೊದಲು ಕೊನೆಯ ಅನುಬಂಧ ನೋಡಿ, ಅವರ ಪ್ರಶ್ನಾವಳಿ ಅಲ್ಲಿರುತ್ತೆ. ಅದನ್ನು ನೋಡಿದರೆ ಒಳಗಿನ ಅಧ್ಯಾಯಗಳನ್ನು ಎಷ್ಟು ನಂಬಬಹುದು ಅಂತ ಅರ್ಧ ಗೊತ್ತಾಗುತ್ತೆ. ಓದಿದ್ದನ್ನೆಲ್ಲ ಮೊದಲ ದಿನದಿಂದಲೇ ಝೊಟೆರೊ ಅನ್ನುವ, ಆಕರಗಳನ್ನು ಜೋಡಿಸಿಡುವ ಸಾಫ್ಟ್‌ವೇರ್‌ನಲ್ಲಿ ಹಾಕಿಡಿ, ಅದಕ್ಕೆ ಕಾಸಿಲ್ಲ.

ಇನ್ನು ನಿಮ್ಮ ಪ್ರಶ್ನಾವಳಿ.

ಎರಡು ವರ್ಷದ ಹಿಂದೆ, ಜನವರಿ ಕೊನೆಯಲ್ಲಿ, ಒಬ್ಬ ವಿದ್ಯಾರ್ಥಿನಿ ಜೊತೆ ಸಿದ್ದಾಪುರದ ಹತ್ತಿರ ಒಂದು ಕಣಕ್ಕೆ ಹೋಗಿದ್ದೆ. ಚೆರ್ರಿ ಹರಡಿದ್ದರು. ಅರ್ಧ ಒಣಗಿದ ಹಣ್ಣಿನ ಆ ಹುಳಿವಾಸನೆ ಗೇಟಿನವರೆಗೂ ಬರುತ್ತಿತ್ತು. ಬೆಳೆಗಾರರು ಅರವತ್ತು ದಾಟಿದವರು, ಕಾಲಿನಲ್ಲೇ ಚೆರ್ರಿ ಕೆದಕುತ್ತಾ ಉತ್ತರ ಕೊಡುತ್ತಿದ್ದರು. ಅವಳು ಫಾರ್ಮ್ ನೋಡಿ ಓದಿದಳು: ‘ಕಾಫಿ ವ್ಯವಹಾರದಲ್ಲಿ ನಿಮಗೆ ಅಪಾಯ ಎಷ್ಟಿದೆ? ಒಂದರಿಂದ ಐದರ ಒಳಗೆ ಹೇಳಿ.’ ಅವರು ತೋಟದ ಕಡೆ ತಿರುಗಿ ಕೈ ತೋರಿಸಿದರು. ‘ನಿನ್ನೆ ರಾತ್ರಿನೂ ಬಂದಿತ್ತು ಮಗಳೇ, ಮೂರು ಇದ್ವು, ಬಾಳೆ ಪೂರ್ತಿ ಹೋಯ್ತು. ಐದು ಬರ್ಕೋ.’

ಅವಳು ಕೇಳಿದ್ದು ಬೆಲೆಯ ಏರಿಳಿತದ ಬಗ್ಗೆ, ಅವರು ಹೇಳಿದ್ದು ಆನೆ ಬಗ್ಗೆ. ಸಿದ್ದಾಪುರ ಕಡೆ ಅಪಾಯ ಅಂದ್ರೆ ಮೊದಲು ನೆನಪಾಗೋದೇ ಆನೆ, ತಪ್ಪು ಅವರದ್ದಲ್ಲ. ನಾನು ಪಕ್ಕದಲ್ಲಿ ಇಲ್ಲದಿದ್ದರೆ ಆ ‘5’ ಕಂಪ್ಯೂಟರಿಗೆ ಹೋಗಿ, ಬೆಲೆಯ ಅಪಾಯ ಜಾಸ್ತಿ ಅಂತ ಥೀಸಿಸ್‌ನಲ್ಲಿ ಕೂತಿರುತ್ತಿತ್ತು. ಯಾವ ಅಮೋಸೂ ಅದನ್ನು ಕಂಡುಹಿಡಿಯುತ್ತಿರಲಿಲ್ಲ.

ಆಮೇಲೆ ‘ವಾರ್ಷಿಕ ಆದಾಯ ಎಷ್ಟು’ ಅಂತ ಕೇಳಿದಳು. ಅವರು ಮಾತು ನಿಲ್ಲಿಸಿದರು, ನೆಲ ನೋಡಿದರು, ಏನೋ ಒಂದು ಹೇಳಿದರು. ನಾನು ನಡುವೆ ಬಾಯಿ ಹಾಕಿ, ‘ಹೋದ ಸಲ ಎಷ್ಟು ಚೀಲ ಆಯ್ತು? ಮೊದಲನೇ ಲೋಡ್ ಯಾವಾಗ ಕೊಟ್ರಿ? ಅವತ್ತು ರೇಟ್ ಎಷ್ಟಿತ್ತು?’ ಅಂದೆ. ಅವರ ಮುಖವೇ ಬದಲಾಯಿತು. ಒಳಗೆ ಹೋಗಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ತೂಕದ ಚೀಟಿಗಳ ಕಟ್ಟನ್ನೇ ತಂದು ಕೊಟ್ಟರು. ನಾಲ್ಕು ವರ್ಷದ್ದು ಇತ್ತು, ದಿನಾಂಕ, ಚೀಲ, ತೂಕ, ರೇಟು ಸಮೇತ. ಅವರ ಅಭಿಪ್ರಾಯ ಕೇಳುವ ಇಪ್ಪತ್ತು ಪ್ರಶ್ನೆಗಿಂತ ಆ ಚೀಟಿಗಳ ಕಟ್ಟು ದೊಡ್ಡದು. ಜನರಿಗೆ ಏನನಿಸುತ್ತೆ ಅನ್ನೋದನ್ನೂ ಕೇಳಿ, ಆದರೆ ಏನು ಮಾಡಿದರು ಅನ್ನೋದನ್ನು ಮೊದಲು ಕೇಳಿ. ಆ ದಿನಾಂಕಗಳನ್ನು ಕಾಫಿ ಬೋರ್ಡ್ ಪ್ರಕಟಿಸುವ ಮಾರುಕಟ್ಟೆ ದರದ ಪಕ್ಕ ಇಟ್ಟು ನೋಡಿ, ಆಗ ಶುರುವಾಗುತ್ತೆ ನಿಜವಾದ ಸಂಶೋಧನೆ.

ಅದಕ್ಕೇ ಹೇಳೋದು, 384ಕ್ಕೆ ಮೊದಲು ಹತ್ತು. ಹತ್ತು ಜನರ ಎದುರು ಕೂತು ಒಂದೊಂದು ಪ್ರಶ್ನೆ ಓದಿ, ‘ಇದನ್ನು ಕೇಳಿದಾಗ ನಿಮ್ಮ ಮನಸ್ಸಿಗೆ ಏನು ಬಂತು’ ಅಂತ ಕೇಳಿ. ಎಲ್ಲಿ ತಡವರಿಸುತ್ತಾರೆ, ಎಲ್ಲಿ ಎರಡು ಸಲ ಕೇಳುತ್ತಾರೆ, ಗುರುತು ಹಾಕಿಕೊಳ್ಳಿ. 62ರಲ್ಲಿ ಇಪ್ಪತ್ತೈದು ಉಳಿದರೆ ಒಳ್ಳೆಯದೇ. ಬೇರೆ ಸಂಶೋಧಕರು ಆಗಲೇ ಸಿದ್ಧಪಡಿಸಿದ ಇಂಗ್ಲಿಷ್ ಪ್ರಶ್ನೆಗಳ ಸ್ಕೇಲ್ ಬಳಸುವುದಾದರೆ ಒಬ್ಬರಿಂದ ಕನ್ನಡಕ್ಕೆ ಮಾಡಿಸಿ, ಮೂಲವನ್ನು ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಪಕ್ಕಪಕ್ಕ ಇಡಿ. ‘ಬಲವಾಗಿ ಒಪ್ಪುತ್ತೇನೆ’ ಅಂತ ಕನ್ನಡದಲ್ಲಿ ಯಾರಾದರೂ ಮಾತಾಡುತ್ತಾರಾ? ‘ಪೂರ್ತಿ ಹೌದು’ ಅಂದ್ರೆ ಮುಗೀತು. ನಿಮ್ಮ ಕಡೆ ಮನೆಯೊಳಗೆ ಕೊಡವ ತಕ್ಕ್, ಇನ್ನೊಂದು ಮನೆಯಲ್ಲಿ ಮಲಯಾಳಂ, ಭಾಗಮಂಡಲ ಕಡೆ ಹೋದರೆ ಅರೆಭಾಷೆ. ಯಾವ ಮಾತಿನಲ್ಲಿ ಕೇಳಿದಿರಿ ಅನ್ನೋದನ್ನೂ ಪ್ರತಿ ಫಾರ್ಮಿನಲ್ಲಿ ಬರೆದಿಡಿ, ಮುಂದೆ ಅದೇ ಒಂದು ವೇರಿಯಬಲ್ ಆಗಬಹುದು.

ಕ್ರಾನ್‌ಬ್ಯಾಕ್ ಆಲ್ಫಾ ಬಗ್ಗೆ ಒಂದು ಮಾತು, ಯಾಕಂದ್ರೆ ವೈವಾದಲ್ಲಿ, ಅಂದ್ರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಇದನ್ನು ಕೇಳೇ ಕೇಳುತ್ತಾರೆ. 0.7 ದಾಟಿದರೆ ಸಾಕು ಅಂತ ಎಲ್ಲರೂ ಬರೆಯುತ್ತಾರೆ. ಒಬ್ಬ ವಿದ್ಯಾರ್ಥಿಗೆ 0.96 ಬಂದು, ಖುಷಿಯಲ್ಲಿ ರಾತ್ರಿಯೇ ಫೋನ್ ಮಾಡಿದ್ದರು. ಆ ಆರು ಪ್ರಶ್ನೆ ತೆಗೆದು ನೋಡಿದರೆ ಆರೂ ಒಂದೇ ಪ್ರಶ್ನೆ, ಪದಗಳು ಮಾತ್ರ ಬೇರೆ. ಪ್ರಶ್ನೆಗಳು ಒಂದರ ಜೊತೆ ಒಂದು ಹೊಂದಿಕೊಂಡು ಹೋಗುತ್ತವಾ ಅಂತ ಆಲ್ಫಾ ಹೇಳುತ್ತೆ. ನೀವು ಅಳೆಯಬೇಕಾದದ್ದನ್ನೇ ಅಳೆಯುತ್ತಿವೆಯಾ ಅಂತ ಅದು ಹೇಳೋದಿಲ್ಲ. ಆನೆಯ ಉತ್ತರಗಳಿಗೂ ಒಳ್ಳೆ ಆಲ್ಫಾ ಬರುತ್ತೆ.

384 ಎಲ್ಲಿಂದ ಬಂತು ಅಂತ ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡಿ. 1.96ರ ವರ್ಗ 3.84. ಅದನ್ನು 0.25ರಿಂದ ಗುಣಿಸಿ, 0.05ರ ವರ್ಗವಾದ 0.0025ರಿಂದ ಭಾಗಿಸಿ. 384 ಬಂತು ಅಲ್ವಾ? ಅಂದ್ರೆ ‘ಶೇಕಡಾ ಎಷ್ಟು ಜನ’ ಅನ್ನುವ ಪ್ರಶ್ನೆಗೆ, 95 ಶೇಕಡಾ ಭರವಸೆಯಲ್ಲಿ, 5 ಶೇಕಡಾ ಆಚೀಚೆ ಆಗಬಹುದು ಅಂತ ಒಪ್ಪಿಕೊಂಡು, ಎಲ್ಲರ ಹೆಸರೂ ಇರುವ ಒಂದು ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದರೆ ಬೇಕಾಗುವ ಸಂಖ್ಯೆ ಅದು. ನಿಮ್ಮ ಪ್ರಶ್ನೆ ‘ಯಾಕೆ’ ಅಂತ ಇದೆ, ಎರಡು ಸಂಗತಿಗಳ ನಡುವಿನ ಸಂಬಂಧ ಹುಡುಕುತ್ತಿದ್ದೀರಿ. ಅದಕ್ಕೆ ಎಷ್ಟು ಜನ ಬೇಕು ಅನ್ನೋದು ಬೇರೆ ಲೆಕ್ಕ, ಜಿ-ಪವರ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಹಾಕಬಹುದು. ಕೆಲವೊಮ್ಮೆ 384ಕ್ಕಿಂತ ಕಡಿಮೆ ಬರುತ್ತೆ, ಕೆಲವೊಮ್ಮೆ ಜಾಸ್ತಿ.

ಆದರೆ ಸಂಖ್ಯೆಗಿಂತ ಆ ಪಟ್ಟಿಯೇ ದೊಡ್ಡ ಕಷ್ಟ. ಪಹಣಿ ನೋಡಿ ಬೆಳೆಗಾರರ ಪಟ್ಟಿ ಮಾಡುತ್ತೇನೆ ಅಂತ ಹೊರಟರೆ, ಜಮ್ಮಾ ಜಾಗದ, ಅಂದ್ರೆ ಒಕ್ಕಕ್ಕೆ (ಮನೆತನಕ್ಕೆ) ತಲೆತಲಾಂತರದಿಂದ ಬಂದ ಜಮೀನಿನ, ಪಹಣಿಯಲ್ಲಿ ಸಾಮಾನ್ಯವಾಗಿ ಮನೆತನದ ಪರವಾಗಿ ಪಟ್ಟೇದಾರರ ಹೆಸರಿರುತ್ತೆ. ಅದೇ ಜಾಗವನ್ನು ಒಕ್ಕದ ನಾಲ್ಕೈದು ಮನೆಯವರು ಪಾಲು ಮಾಡಿಕೊಂಡು ಬೇರೆಬೇರೆ ಕೃಷಿ ಮಾಡುತ್ತಿರುತ್ತಾರೆ, ಬೇರೆಬೇರೆ ವ್ಯಾಪಾರಿಗೆ ಮಾರುತ್ತಿರುತ್ತಾರೆ. ಹೆಸರು ಒಂದು, ತೀರ್ಮಾನ ಐದು. ಗಂಡ ಬೆಂಗಳೂರಿನಲ್ಲೋ ಸೇನೆಯಲ್ಲೋ ಇದ್ದು ತೋಟ, ಕಣ, ಮಾರಾಟ ಎಲ್ಲ ನೋಡಿಕೊಳ್ಳುವ ಹೆಣ್ಣುಮಕ್ಕಳ ಹೆಸರಂತೂ ಅದರಲ್ಲಿ ಹೆಚ್ಚಾಗಿ ಇರೋದೇ ಇಲ್ಲ. ಇನ್ನು ‘ಸಣ್ಣ ಬೆಳೆಗಾರ’ ಅಂದ್ರೆ ಲೆಕ್ಕದಲ್ಲಿ 10 ಹೆಕ್ಟೇರ್‌ವರೆಗೆ, ಸುಮಾರು 25 ಎಕರೆ. ಎರಡು ಎಕರೆಯವರೂ 24 ಎಕರೆಯವರೂ ಒಂದೇ ಹೆಸರಿನ ಕೆಳಗೆ ಬರುತ್ತಾರೆ. ಇಬ್ಬರ ಚಿಂತೆ ಒಂದೇ ಇರುತ್ತಾ? ಪಟ್ಟಿ ಪೂರ್ತಿ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ, ಯಾರು ಬಿಟ್ಟುಹೋದರು ಅಂತಲೂ ಬರೆಯಿರಿ. ನೆಂಟರ ಮೂಲಕ ಸಿಕ್ಕ 200 ಜನರನ್ನು ಯಾದೃಚ್ಛಿಕ ಸ್ಯಾಂಪಲ್ ಅಂತ ಬರೆಯೋದು ಸುಳ್ಳು. ಒಳ್ಳೆ ಪರೀಕ್ಷಕರು ಅದನ್ನು ಒಂದೇ ನಿಮಿಷದಲ್ಲಿ ಹಿಡಿಯುತ್ತಾರೆ.

ಕ್ಷೇತ್ರಕ್ಕೆ ಹೋದ ದಿನದ ಟಿಪ್ಪಣಿ ಅವತ್ತು ರಾತ್ರಿಯೇ ಬರೆಯಿರಿ. ನಾಳೆಗೆ ಬಿಟ್ಟರೆ ಮಾತು ಉಳಿಯುತ್ತೆ, ಹೇಳಿದ ಧಾಟಿ ಹೋಗುತ್ತೆ. ಬರೆದದ್ದನ್ನು ಎರಡು ಬೇರೆ ಕಡೆ ಇಡಿ. ಕೊಡವರ ಬಗ್ಗೆ 1952ರಲ್ಲಿ ಪುಸ್ತಕ ತಂದ ಎಂ.ಎನ್. ಶ್ರೀನಿವಾಸ್ ಆಮೇಲೆ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಮಾಡಿದ ಕೆಲಸದ ಟಿಪ್ಪಣಿಗಳನ್ನು ಹಲವು ವರ್ಷ ಕೂತು ಸಿದ್ಧಪಡಿಸಿ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ತೆಗೆದುಕೊಂಡು ಹೋಗಿದ್ದರು. 1970ರ ಏಪ್ರಿಲ್‌ನಲ್ಲಿ ಯಾರೋ ಅಲ್ಲಿ ಬೆಂಕಿ ಇಟ್ಟರು. ಮೂರು ಪ್ರತಿ ಇತ್ತು, ಮೂರೂ ಸುಟ್ಟುಹೋಯಿತು, ಯಾಕಂದ್ರೆ ಮೂರೂ ಒಂದೇ ಕಡೆ ಇತ್ತು. ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದು 1976ರಲ್ಲಿ ಪುಸ್ತಕ ತಂದರು. ಅವರಿಗೆ ಆ ಶಕ್ತಿ ಇತ್ತು. ನಮಗೆ ಪೆನ್‌ಡ್ರೈವ್ ಇದೆ, ಇಮೇಲ್ ಇದೆ. ನಮ್ಮ ಮಳೆಗಾಲದ ಸಿಡಿಲಿಗೆ ಲ್ಯಾಪ್‌ಟಾಪ್ ಸುಟ್ಟುಕೊಂಡು ಅಳುತ್ತಾ ಬಂದವರನ್ನು ಕಂಡಿದ್ದೇನೆ.

ಹೆಸರು ಮುಚ್ಚಿಡುವ ವಿಷಯದಲ್ಲಿ ಕೊಡಗು ದೊಡ್ಡ ಊರಲ್ಲ ಅಂತ ನೆನಪಿರಲಿ. ‘ಮಾದಾಪುರದ ಹತ್ತಿರ 12 ಎಕರೆ ತೋಟ ಒಬ್ಬರೇ ನೋಡಿಕೊಳ್ಳುವ ಮಹಿಳೆ, ಮಾಜಿ ಶಿಕ್ಷಕಿ’ ಅಂತ ಬರೆದರೆ ಹೆಸರು ಬರೆದ ಹಾಗೇ ಆಯಿತು. ಸಂತೆಯಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಅವರು ವ್ಯಾಪಾರಿ ಬಗ್ಗೆ ಹೇಳಿದ ಮಾತು ನಿಮ್ಮ ಥೀಸಿಸ್‌ನಲ್ಲಿದ್ದರೆ, ಥೀಸಿಸ್ ಶೋಧಗಂಗಾದಲ್ಲಿದ್ದರೆ, ಆ ವ್ಯಾಪಾರಿಯ ಮಗನೂ ಅದನ್ನು ಓದಬಹುದು. ಊರು, ಎಕರೆ, ಕೆಲಸ, ಮೂರರಲ್ಲಿ ಎರಡನ್ನಾದರೂ ಮಸುಕು ಮಾಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಊರುಗಳಿಗೆ ಹೋಗುವುದಾದರೆ ಇನ್ನೂ ಹುಷಾರಾಗಿರಿ. ಅಲ್ಲಿಯವರು ಎಷ್ಟೋ ಜನರಿಗೆ ಎಷ್ಟೋ ಫಾರ್ಮ್ ತುಂಬಿಕೊಟ್ಟಿದ್ದಾರೆ. ‘ಇದರಿಂದ ನಮಗೇನು’ ಅಂತ ಕೇಳಿದರೆ ನಿಜ ಹೇಳಿ, ಪರಿಹಾರ ಕೊಡಿಸುವ ಆಸೆ ಹುಟ್ಟಿಸಬೇಡಿ.

ಇಷ್ಟಾದ ಮೇಲೆ ಅಂಕಿಅಂಶ. ಜಮೋವಿ ಉಚಿತ, ಆರ್ ಉಚಿತ, ಎಸ್‌ಪಿಎಸ್‌ಎಸ್ ವಿಶ್ವವಿದ್ಯಾಲಯದಲ್ಲಿದ್ದರೆ ಅದೂ ಸರಿ. ಮೊದಲು ಚಿತ್ರ ಹಾಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ: ಪ್ರತಿ ಅಂಕಿಗೂ ಹಿಸ್ಟೋಗ್ರಾಂ (ಯಾವ ಉತ್ತರ ಎಷ್ಟು ಸಲ ಬಂದಿದೆ ಅಂತ ತೋರಿಸುವ ಕಂಬಗಳ ಚಿತ್ರ), ಪ್ರತಿ ಜೋಡಿಗೂ ಚುಕ್ಕಿ ಚಿತ್ರ. ಆಮೇಲೆ ರಿಗ್ರೆಷನ್ (ಒಂದು ಸಂಗತಿ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತೆ ಅನ್ನುವ ಲೆಕ್ಕ) ಚೆನ್ನಾಗಿ ಕಲಿಯಿರಿ, ಯಾವಾಗ ಮೋಸ ಮಾಡುತ್ತೆ ಅನ್ನೋದರ ಸಮೇತ. ಸಹಕಾರ ಸಂಘಕ್ಕೆ ಮಾರುವವರಿಗೆ ಬೆಲೆ ಜಾಸ್ತಿ ಸಿಕ್ಕಿದೆ ಅಂತ ಬಂದರೆ, ಸಂಘದಿಂದ ಬೆಲೆ ಬಂತಾ ಅಥವಾ ಒಳ್ಳೆ ಕಾಫಿ ಮಾಡುವವರೇ ಸಂಘಕ್ಕೆ ಹೋಗುತ್ತಾರಾ? ಈ ಅನುಮಾನ ತಾನಾಗೇ ಬರುವಷ್ಟು ರಿಗ್ರೆಷನ್ ಬಂದರೆ ಅಮೋಸ್ ಕಲಿಯಲು ಹದಿನೈದು ದಿನ ಸಾಕು, ಅದೂ ನಿಮ್ಮ ಪ್ರಶ್ನೆಗೆ ಅದು ಬೇಕಾದರೆ ಮಾತ್ರ. ಇನ್ನೊಂದು ಸಂಗತಿ, ಕಾರಣವನ್ನೂ ಫಲಿತಾಂಶವನ್ನೂ ಒಬ್ಬರನ್ನೇ, ಒಂದೇ ಸಲ, ಒಂದೇ ಫಾರ್ಮಿನಲ್ಲಿ ಕೇಳಿದರೆ ಎರಡೂ ಸುಮ್ನೆ ಒಂದಕ್ಕೊಂದು ಹೊಂದಿದ ಹಾಗೆ ಕಾಣುತ್ತವೆ. ತೂಕದ ಚೀಟಿ ಕೈಯಲ್ಲಿದ್ದರೆ ಈ ದೋಷದಿಂದ ಬಹುಪಾಲು ಪಾರಾಗುತ್ತೀರಿ.

ಊಹೆಗಳನ್ನು ಡೇಟಾ ಬರುವ ಮೊದಲೇ ಬರೆದು, ದಿನಾಂಕ ಹಾಕಿ, ಗೈಡ್‌ಗೆ ಇಮೇಲ್ ಮಾಡಿಬಿಡಿ. ಫಲಿತಾಂಶ ನೋಡಿ ಊಹೆ ಬರೆಯುವ ಆಸೆ ಎಲ್ಲರಿಗೂ ಬರುತ್ತೆ. 2012ರಲ್ಲಿ ಅಮೆರಿಕದ ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪೇಪರ್ ಬಂತು: ಫಾರ್ಮಿನ ಕೊನೆಗೆ ಬದಲು ಮೇಲ್ಗಡೆಯೇ ಸಹಿ ಹಾಕಿಸಿದರೆ ಜನ ಜಾಸ್ತಿ ಪ್ರಾಮಾಣಿಕವಾಗಿ ತುಂಬುತ್ತಾರೆ ಅಂತ. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಅದನ್ನು ಪಾಠ ಮಾಡಿದೆವು. 2021ರಲ್ಲಿ ಅದನ್ನು ವಾಪಸ್ ಪಡೆದರು. ಅದರಲ್ಲಿದ್ದ ಕಾರು ವಿಮೆಯ ಡೇಟಾವನ್ನು ಬೇರೆಯವರು ತೆರೆದು ನೋಡಿದಾಗ, ಸೊನ್ನೆಯಿಂದ 50,000 ಮೈಲಿವರೆಗೆ ಯಾವ ದೂರ ತೆಗೆದುಕೊಂಡರೂ ಹೆಚ್ಚುಕಮ್ಮಿ ಅಷ್ಟೇ ಕಾರುಗಳಿದ್ದವು. ನಿಜವಾದ ಜನ ಹಾಗೆ ಕಾರು ಓಡಿಸೋದಿಲ್ಲ. ಒಂದು ಹಿಸ್ಟೋಗ್ರಾಂ ಹಾಕಿದ್ದರೆ ಮೊದಲ ದಿನವೇ ಕಾಣುತ್ತಿತ್ತು. ನನ್ನ ಆ ಮೂವತ್ತು ಫಾರ್ಮ್‌ಗಳನ್ನು ನಾನು ತೆಗೆದದ್ದು ಎಷ್ಟು ಸರಿಯಾಯಿತು ಅಂತ ಅದನ್ನು ಓದಿದಾಗ ಅನಿಸಿತು.

ನಿಯಮಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಕಡೇಪಕ್ಷ 12 ಕ್ರೆಡಿಟ್, ಅವಧಿ ಮೂರರಿಂದ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು, ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷ ಸಡಿಲಿಕೆ ಇದೆ. ಥೀಸಿಸ್ ಸಲ್ಲಿಸುವ ಮೊದಲು ಪೇಪರ್ ಪ್ರಕಟವಾಗಲೇಬೇಕು ಅನ್ನುವ ಷರತ್ತನ್ನು ಯುಜಿಸಿ ಕೈಬಿಟ್ಟಿದೆ, ನಿಮ್ಮ ವಿಶ್ವವಿದ್ಯಾಲಯ ಇಟ್ಟುಕೊಂಡಿದೆಯಾ ಕೇಳಿಕೊಳ್ಳಿ. ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ದುಡ್ಡು ಕಳಿಸಿ ಅನ್ನುವ ಇಮೇಲ್‌ಗಳಿಗೆ ಉತ್ತರ ಕೊಡಬೇಡಿ. ಒಪ್ಪಬಹುದಾದ ಜರ್ನಲ್‌ಗಳ ಹೆಸರಿದ್ದ ಯುಜಿಸಿ ಕೇರ್ ಪಟ್ಟಿ 2025ರಲ್ಲಿ ನಿಂತುಹೋಗಿದೆ, ಹಾಗಾಗಿ ಜರ್ನಲ್ ಒಳ್ಳೆಯದಾ ಅಂತ ನೀವೇ ಅದರ ಹಳೆ ಸಂಚಿಕೆ ಓದಿ ತೂಗಬೇಕು. ಎಐ ಚಾಟ್‌ಗಳು ಕೊಡುವ ಆಕರಗಳನ್ನು ಒಂದೊಂದನ್ನೂ ತೆರೆದು ನೋಡದೆ ಹಾಕಬೇಡಿ, ಇಲ್ಲದ ಪೇಪರ್‌ಗಳ ಹೆಸರನ್ನೂ ಅವು ನಂಬುವ ಹಾಗೆ ಬರೆದುಕೊಡುತ್ತವೆ.

ಸಮಯ ಸಿಗೋದಿಲ್ಲ ಅಂತ ನೀವು ಬರೆದಿಲ್ಲ, ಆದರೆ ನನಗೆ ಗೊತ್ತು. ಕಾಲೇಜು, ಮನೆ, ಡಿಸೆಂಬರ್ ಬಂದರೆ ಕುಯ್ಲು. ದಿನಕ್ಕೆ ಒಂದು ಗಂಟೆ, ಬೆಳಿಗ್ಗೆ, ಮೊಬೈಲ್ ಇನ್ನೊಂದು ಕೋಣೆಯಲ್ಲಿಟ್ಟು, ಮುನ್ನೂರು ಪದ. ಇಂಗ್ಲಿಷ್‌ನಲ್ಲಿ ಕೈ ಓಡದಿದ್ದರೆ ಮೊದಲು ಕನ್ನಡದಲ್ಲೇ ಬರೆಯಿರಿ, ಯೋಚನೆ ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ತನ್ನಿ. ಗೈಡ್ ಹತ್ತಿರ ‘ಸರ್, ಮುಂದೇನು ಮಾಡಲಿ’ ಅಂತ ಹೋಗಬೇಡಿ. ಹದಿನೈದು ದಿನಕ್ಕೊಮ್ಮೆ ಒಂದು ಪುಟ ಬರೆದು, ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿ ಕಳಿಸಿ. ಎಷ್ಟು ಬಿಡುವಿಲ್ಲದ ಗೈಡ್ ಆದರೂ ಒಂದು ಪುಟ ಓದುತ್ತಾರೆ.

ಕಾವೇರಿ ಸಂಕ್ರಮಣ ಕಳೆದು ಪುತ್ತರಿ ಬರುವವರೆಗೆ ಬೆಳೆಗಾರರಿಗೆ ಸ್ವಲ್ಪ ಬಿಡುವಿರುತ್ತೆ, ಆಮೇಲೆ ಕುಯ್ಲು ಜೋರಾದರೆ ಯಾರೂ ಮಾತಿಗೆ ಸಿಗೋದಿಲ್ಲ. ಅಷ್ಟರೊಳಗೆ ಹತ್ತು ಮನೆಗೆ ಹೋಗಿ ಬನ್ನಿ. ಫಾರ್ಮ್ ಬೇಡ, ಒಂದು ನೋಟ್‌ಬುಕ್ ಸಾಕು. ಪ್ರತಿಯೊಬ್ಬರ ಕೊನೆಯ ಮಾರಾಟ: ದಿನಾಂಕ, ಎಷ್ಟು ಚೀಲ, ರೇಟು, ಯಾರಿಗೆ, ಅವತ್ತೇ ಯಾಕೆ. ಆ ಹತ್ತು ಸಾಲುಗಳನ್ನು ನನಗೆ ಕಳಿಸಿ. ಹೆಸರು ಬೇಡ. ನೋಡಿ, ಅದರ ಮೇಲೆ ಪ್ರಶ್ನೆಯನ್ನು ಇಬ್ಬರೂ ಸೇರಿ ಬರೆಯೋಣ.